ಅರ್ಧ ಉಂಗುರ

ನಲವತ್ತೆರಡು ಹೆಕ್ಟೇರ್ ಕಾಡು ಹಿಲ್ಕಾಳ ಹೆಸರಿಗಿದೆ.
ಪತ್ರದಲ್ಲಿ ಹಾಗಿದೆ: ಫಿನ್ಲೆಂಡು, ಸಾವೊ ಸೀಮೆ,
ಮೂಡಕ್ಕೆ ಕೆರೆ, ಪಡುವಕ್ಕೆ ಪಕ್ಕದವರ ಸ್ಪ್ರೂಸ್ ಕಾಡು,
ಮೂಲೆಮೂಲೆಗೆ ಕೆಂಪು ಬಳಿದ ಗಡಿಗಲ್ಲು.
ಒಂದು ಕಲ್ಲನ್ನು ಪಾಚಿ ನುಂಗಿದೆ,
ಅದನ್ನು ಕಾಲಲ್ಲಿ ತಡವಿಯೇ ಹುಡುಕಬೇಕು.

ಮಾರ್ಚ್ ತಿಂಗಳು. ಹಗಲು ಕರಗಿ ಇರುಳು ಗಟ್ಟಿಯಾದ ಹಿಮ
ಬೆಳಗಿನ ಹತ್ತರವರೆಗೆ ಆಳನ್ನು ಹೊರುತ್ತದೆ,
ಆಮೇಲೆ ಮಾತು ತಪ್ಪುತ್ತದೆ.
ಅಷ್ಟರೊಳಗೆ ಮುಗಿಸಬೇಕೆಂದು
ಜೇಬಿನ ತುಂಬ ಕಿತ್ತಳೆ ರಿಬ್ಬನ್ ತುರುಕಿಕೊಂಡು ಬಂದಿದ್ದಾಳೆ,
ಕಡಿತಕ್ಕೆ ಹೋಗುವ ಪಟ್ಟಿಯ ಅಂಚಿಗೆ ಕಟ್ಟಲು.
ದರ ಕುದುರಿದೆ. ಮರದ ಕಂಪನಿಯ ರೈನೆ
ಎರಡು ಸಲ ಫೋನ್ ಮಾಡಿದ್ದಾನೆ.
ಹಣ ಬಂದರೆ ಅಕ್ಕನ ಪಾಲು ತೀರುತ್ತದೆ,
ಸೌನಾದ ಮಾಡು ಸೋರುವುದು ನಿಲ್ಲುತ್ತದೆ.

ಹನ್ನೊಂದನೇ ರಿಬ್ಬನ್ ಕಟ್ಟಲು ಹೋದಾಗ ಕಂಡದ್ದು:
ಆಸ್ಪೆನ್ ಮರದ ಬುಡದಲ್ಲಿ, ಬಿಳಿಯ ಮೇಲೆ,
ಹಳದಿ ಕಾಳು.
ಯಾರ ಮೇಲೋ ಎರಚಿ
ಅಂಗೈಯಲ್ಲಿ ಉಳಿದದ್ದನ್ನು ಅಲ್ಲೇ ಕೊಡವಿ ಹೋದ
ಅಕ್ಷತೆಯ ಹಾಗೆ.
(ಹೋಲಿಕೆ ನನ್ನದು. ಅವಳಿಗೆ ಅದು ಹಿಕ್ಕೆ,
ಹೂಗೊಂಚಲು ಮೆದ್ದ ಹಾರುವ ಅಳಿಲಿನ ಹಿಕ್ಕೆ.)

ಗೂಡಿದ್ದಲ್ಲಿ ಗರಗಸವಿಲ್ಲ.
ಕಾನೂನಿಗೆ ಪುಟ ಬಹಳ, ತಿರುಳು ಇಷ್ಟೇ:
ಗೂಡಿನ ಸುತ್ತ ಒಂದು ಹಿಡಿ ಕಾಡು,
ಅಲ್ಲಿಂದ ಆಚೆ ತೇಲಿಹೋಗಲು ಮರಗಳದೊಂದು ಓಣಿ,
ಅಷ್ಟನ್ನು ಬಿಡಬೇಕು.
ಅಳಿಲು ತೂಗುವುದು ಒಂದು ಬೊಗಸೆ. ಅರ್ಧ ಕಣ್ಣೇ.
ಅರವತ್ಮೂರು ವರ್ಷದಲ್ಲಿ ಅವಳು ಅದನ್ನು ಒಮ್ಮೆಯೂ ಕಂಡಿಲ್ಲ.
ಅದು ಅವಳನ್ನು ಎಷ್ಟು ಸಲ ಕಂಡಿದೆಯೋ.

ಅಪ್ಪ ತೌನೊ ಆಸ್ಪೆನ್ ಎಂದರೆ ಉರಿದು ಬೀಳುತ್ತಿದ್ದ.
ಪೈನ್ ಸಸಿಗೆ ತುಕ್ಕುರೋಗ ತರುವ ಮರ, ಕಳೆ, ದಂಡ.
ಸೊಂಟದೆತ್ತರಕ್ಕೆ ತೊಗಟೆ ಸುಲಿದು, ಉಂಗುರ ತೊಡಿಸಿ,
ನಿಂತಲ್ಲೇ ಸಾಯಿಸುತ್ತಿದ್ದ, ವರ್ಷಕ್ಕೆ ನಲವತ್ತು, ಐವತ್ತು.
ಇದಕ್ಕೂ ಉಂಗುರದ ಗುರುತಿದೆ. ಅರ್ಧ ಸುತ್ತು ಮಾತ್ರ.
ಉಳಿದರ್ಧ ಯಾಕೆ ಬಿಟ್ಟ? ಊಟದ ಹೊತ್ತಾಯಿತೊ,
ಮಳೆ ಬಂತೊ, ಕೆರೆಯಾಚೆಯಿಂದ ಯಾರಾದರೂ ಕೂಗಿದರೊ.
ಯಾವ ಕೆಲಸವನ್ನೂ ಪೂರ್ತಿ ಮಾಡಲಾರ ಎಂದು
ಅವ್ವ ಬೈಯುತ್ತಿದ್ದಳು.
ಗಾಯದ ತುಟಿ ಮಡಚಿಕೊಂಡು ಮರ ದಪ್ಪವಾಯಿತು,
ಮರಕುಟಿಗ ಬಂದು ಮನೆ ಕೊರೆಯಿತು, ಬಿಟ್ಟು ಹೋಯಿತು.
ಬಾಗಿಲು ತೆರೆದೇ ಇತ್ತು.

ಹಿಲ್ಕಾ ಸುತ್ತ ನೋಡಿದಳು, ತನ್ನ ಕಾಡಿನಲ್ಲಿ ತಾನೇ ಕಳ್ಳಿಯಂತೆ.
ಬೂಟಿನ ತುದಿಯಿಂದ ಒಮ್ಮೆ ಹಿಮ ಎಳೆದಳು.
ಹಳದಿ ಹೋಯಿತು.
ಹನ್ನೊಂದು ಕಟ್ಟಿದಳು, ಹನ್ನೆರಡು ಕಟ್ಟಿದಳು,
ಮನೆಗೆ ಬಂದು ಕಾಫಿಗಿಟ್ಟಳು. ಕಾಫಿ ಉಕ್ಕಿ ಒಲೆಗೆ ಚೆಲ್ಲಿತು.
ಸಂಜೆ ರೈನೆಗೆ ಹೇಳಿದಳು: ಸೋಮವಾರ ಬಾ.

ಮರುದಿನ ಮತ್ತೆ ಹೋದಳು. ಯಾಕೆಂದು ನಾಯಿಗೂ ಹೇಳಲಿಲ್ಲ.
ಬೂಟು ಎಳೆದ ಗೀರಿನ ಮೇಲೆಯೇ
ಹೊಸದು, ಏಳೆಂಟು ಕಾಳು.
ದೂರಲ್ಲ, ಬೇಡಿಕೆಯಲ್ಲ.
ರಾತ್ರಿ ಯಾರೋ ಮನೆಯಲ್ಲಿದ್ದರು, ಉಂಡಿದ್ದರು, ಅಷ್ಟೆ.

ಗಂಟುಗಳು ಮರಗಟ್ಟಿದ್ದವು. ಕೈಗವಸು ಬಿಚ್ಚಿ,
ಉಗುರಿಗೆ ಬಾರದೆ, ಹಲ್ಲು ಹಚ್ಚಿದಳು.
ಒಂದೊಂದನ್ನೂ ಕೆರೆಯ ದಂಡೆಯಿಂದ ದೂರ,
ಓಣಿ ಬಿಟ್ಟು, ಇಳಿಜಾರಿನಾಚೆ ಕಟ್ಟುತ್ತ ಬರುವಾಗ
ಹತ್ತು ದಾಟಿತು, ಹಿಮ ಮಾತು ತಪ್ಪಿತು,
ತೊಡೆಯವರೆಗೆ ಕುಸಿದು ನಿಂತೇ ಫೋನ್ ಮಾಡಿದಳು.

"ಸೋಮವಾರ ಬಾ. ಪಟ್ಟಿ ಸ್ವಲ್ಪ ಚಿಕ್ಕದಾಗಿದೆ."
"ಎಷ್ಟು ಉಳಿದಿದೆ?"
"ಅಕ್ಕನ ಪಾಲಿನಷ್ಟು."
ರೈನೆ ಉಸಿರು ಬಿಟ್ಟದ್ದು ಕೇಳಿಸಿತು.
"ಹಿಕ್ಕೆಯೇ?" ಅಂದ.
"ಹಿಕ್ಕೆ."

ಸೌನಾದಲ್ಲಿ ಮಾಡಿನ ಕೆಳಗೆ ಬಕೆಟ್ಟು ಇಟ್ಟಿದ್ದಾಳೆ.
ಹನ್ನೊಂದನೇ ರಿಬ್ಬನ್ ಮಾತ್ರ ಬಿಚ್ಚಲು ಬರಲಿಲ್ಲ,
ಅದು ಆಸ್ಪೆನ್ನಿನ ಮೇಲೆಯೇ ಇದೆ,
ಅಪ್ಪ ಬಿಟ್ಟ ಗೀರಿಗಿಂತ ಒಂದು ಗೇಣು ಮೇಲೆ.